ಒಂದು ಗುಂಡಿ, ಎರಡು ಗುಂಡಿ, ಮೂರು ಗುಂಡಿ

ಕಂಪ್ಯೂಟರಿನಲ್ಲಿ ಮನುಷ್ಯನ ಕೈ ದಿನವಿಡೀ ತಾಗುವ ಭಾಗಗಳು ಎರಡೇ: ಕೀಲಿಮಣೆ ಮತ್ತು ಮೌಸ್. ಕೊಳ್ಳುವ ಹೊತ್ತಿಗೆ ಮಾತ್ರ ಎಲ್ಲರ ಗಮನ ಪ್ರೊಸೆಸರ್, ಮೆಮೊರಿ, ಪರದೆಯ ಅಳತೆಗಳ ಮೇಲಿರುತ್ತದೆ. ವಿಂಡೋಸ್ ಮೇಲೋ ಮ್ಯಾಕ್ ಮೇಲೋ ಲಿನಕ್ಸ್ ಮೇಲೋ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಮೌಸ್ ಎಂಬುದು ಅಂಗಡಿಯವರು ಬಿಲ್ಲಿನ ಜೊತೆ ಚೀಲಕ್ಕೆ ಹಾಕಿಕೊಟ್ಟದ್ದೇ ಆಗಿಬಿಡುತ್ತದೆ. ಈ ಎರಡು ಆಯ್ಕೆಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಮೌಸಿನ ಮೇಲೆ ಎಷ್ಟು ಗುಂಡಿಗಳಿರಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ಉತ್ತರ ಕೊಟ್ಟುಕೊಂಡು ಬೆಳೆದವು. ಬಳಸುವವರ ಬಗ್ಗೆ ಆ ವ್ಯವಸ್ಥೆಗಳನ್ನು ಕಟ್ಟಿದವರಿಗೆ ಇದ್ದ ಅಭಿಪ್ರಾಯವೇ ಆ ಉತ್ತರ, ಮತ್ತು ಅದರ ಗುರುತು ಇಂದಿನ ಕಂಪ್ಯೂಟರುಗಳಲ್ಲೂ ಉಳಿದಿದೆ.

ಮೌಸ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯನ್ನು ಬಿಲ್ ಇಂಗ್ಲಿಷ್ 1964ರಲ್ಲಿ ಒಂದು ಮರದ ಪೆಟ್ಟಿಗೆಯ ರೂಪಕ್ಕೆ ತಂದರು: ತಳದಲ್ಲಿ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಉರುಳುವ ಎರಡು ಗಾಲಿಗಳು, ಮೇಲೆ ಒಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಭೆಯ ಮುಂದೆ ಪ್ರದರ್ಶಿಸುವ ಹೊತ್ತಿಗೆ ಗುಂಡಿಗಳು ಮೂರಾಗಿದ್ದವು. ಎಂಗೆಲ್‌ಬಾರ್ಟ್ ಅವರ ನಿಲುವು ಸ್ಪಷ್ಟವಾಗಿತ್ತು. ಉಪಕರಣವನ್ನು ಕಲಿಯಲು ಸಮಯ ಹಿಡಿದರೂ ಚಿಂತೆಯಿಲ್ಲ, ಕಲಿತವರ ಬಲ ಹೆಚ್ಚಬೇಕು. ಬಲಗೈಗೆ ಮೌಸ್ ಕೊಟ್ಟ ಅವರು ಎಡಗೈಗೆ ಐದು ಕೀಲಿಗಳ ಇನ್ನೊಂದು ಸಾಧನವನ್ನೂ ಕೊಟ್ಟಿದ್ದರು. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರ ರೂಪಿಸಿದ ಆಲ್ಟೋ ಕಂಪ್ಯೂಟರಿನ ಮೌಸಿಗೂ ಮೂರು ಗುಂಡಿಗಳೇ ಇದ್ದವು. ಅದೇ ಕಂಪನಿ 1981ರಲ್ಲಿ ಮಾರುಕಟ್ಟೆಗೆ ತಂದ ಸ್ಟಾರ್‌ನಲ್ಲಿ ಅವು ಎರಡಕ್ಕೆ ಇಳಿದವು.

ಆಪಲ್ ಒಂದಕ್ಕೆ ಇಳಿಸಿತು. ಝೆರಾಕ್ಸ್‌ನಿಂದ ಆಪಲ್‌ಗೆ ಬಂದಿದ್ದ ಲ್ಯಾರಿ ಟೆಸ್ಲರ್ ಒಂದು ಗುಂಡಿಯ ಪರವಾಗಿ ವಾದಿಸಿದವರಲ್ಲಿ ಪ್ರಮುಖರು. ಹೊಸಬರು ಯಾವ ಗುಂಡಿ ಒತ್ತಬೇಕೆಂದು ಯೋಚಿಸಲೇಬಾರದು ಎಂಬುದು ಅವರ ಕಾಳಜಿ. 1983ರ ಲೀಸಾ, 1984ರ ಮ್ಯಾಕಿಂತೋಷ್ ಎರಡೂ ಒಂದೇ ಗುಂಡಿಯ ಮೌಸಿನೊಡನೆ ಬಂದವು. ಸರಳತೆಗೆ ತೆರಬೇಕಾದ ಬೆಲೆಯೂ ಇತ್ತು. ಒಂದೇ ಗುಂಡಿಯಿಂದ ಹೆಚ್ಚು ಕೆಲಸ ಮಾಡಿಸಲು ಡಬಲ್ ಕ್ಲಿಕ್ ಬೇಕಾಯಿತು, ಕೀಲಿಮಣೆಯ ಕೀಲಿಯೊಂದನ್ನು ಹಿಡಿದುಕೊಂಡು ಕ್ಲಿಕ್ಕಿಸುವ ಪದ್ಧತಿ ಬೆಳೆಯಿತು. ಮೊದಲ ಬಾರಿಗೆ ಮೌಸ್ ಹಿಡಿದ ಹಿರಿಯರಿಗೆ ಹೆಚ್ಚು ತೊಡಕಾಗುವುದು ಎರಡನೆಯ ಗುಂಡಿಯಲ್ಲ, ಕೈ ಅಲುಗದಂತೆ ಬೇಗ ಬೇಗನೆ ಎರಡು ಸಲ ಒತ್ತಬೇಕಾದ ಈ ಡಬಲ್ ಕ್ಲಿಕ್.

ಮೈಕ್ರೋಸಾಫ್ಟ್ 1983ರಲ್ಲಿ ಮಾರಿದ ಮೊದಲ ಮೌಸಿಗೆ ಎರಡು ಗುಂಡಿಗಳಿದ್ದವು. ಬಲಗಡೆಯ ಗುಂಡಿಗೆ ಬಹುಕಾಲ ಹೆಚ್ಚೇನೂ ಕೆಲಸವಿರಲಿಲ್ಲ. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95 ಅದಕ್ಕೆ ನಿಶ್ಚಿತ ಉದ್ಯೋಗ ಕೊಟ್ಟಿತು: ಯಾವುದರ ಮೇಲೆ ಕರ್ಸರ್ ಇದೆಯೋ ಅದಕ್ಕೆ ಸಂಬಂಧಿಸಿದ ಆಜ್ಞೆಗಳ ಪಟ್ಟಿಯನ್ನು ಅಲ್ಲಿಯೇ ತೆರೆಯುವುದು. ಯುನಿಕ್ಸ್ ಯಂತ್ರಗಳ ಬಳಕೆದಾರರು ಮೂರು ಗುಂಡಿಗಳನ್ನು ಬಿಡಲಿಲ್ಲ. ಅಲ್ಲಿ ಪಠ್ಯವನ್ನು ಆಯ್ದರೆ ಸಾಕು, ನಡುವಿನ ಗುಂಡಿ ಒತ್ತಿದಲ್ಲಿ ಅದು ಬಂದು ಕೂರುತ್ತದೆ. ಕಾಪಿ, ಪೇಸ್ಟ್ ಎಂಬ ಎರಡು ಆಜ್ಞೆಗಳೇ ಬೇಡ. ಈ ಸೌಲಭ್ಯ ಲಿನಕ್ಸ್‌ಗೂ ಹರಿದುಬಂದಿದೆ. ದಿನವಿಡೀ ಅಲ್ಲಿಂದಿಲ್ಲಿಗೆ ಪಠ್ಯ ಸಾಗಿಸುವ ಸಂಪಾದಕರು, ಅನುವಾದಕರು ಇದಕ್ಕೆ ಒಮ್ಮೆ ಒಗ್ಗಿದರೆ ಬೇರೆ ವ್ಯವಸ್ಥೆಗೆ ಹೋದಾಗ ಅದರ ಕೊರತೆ ಎದ್ದು ಕಾಣುತ್ತದೆ. 1996ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಸ್ಕ್ರೋಲ್ ಚಕ್ರವನ್ನು ಜನಪ್ರಿಯಗೊಳಿಸಿತು. ಚಕ್ರವನ್ನೇ ಒತ್ತಿದರೆ ಅದು ನಡುವಿನ ಗುಂಡಿಯಾಗುವುದರಿಂದ ಯುನಿಕ್ಸ್‌ನವರ ಮೂರನೆಯ ಗುಂಡಿ ಎಲ್ಲರ ಮೇಜಿಗೂ ಬಂದಂತಾಯಿತು. ಆಪಲ್ 1997ರ ಮ್ಯಾಕ್ ಓಎಸ್ 8ರಲ್ಲಿ ಕಂಟ್ರೋಲ್ ಕೀಲಿ ಹಿಡಿದು ಕ್ಲಿಕ್ಕಿಸಿದರೆ ಆಜ್ಞೆಗಳ ಪಟ್ಟಿ ತೆರೆಯುವಂತೆ ಮಾಡಿತು. 2005ರ ಮೈಟಿ ಮೌಸ್‌ನಲ್ಲಿ ಬಲ ಕ್ಲಿಕ್ಕನ್ನು ಮೌಸಿನ ಮೇಲೆಯೇ ಒಪ್ಪಿಕೊಂಡಿತು.

ಹೀಗೆ ಮೂವರೂ ಹತ್ತಿರ ಬಂದಿದ್ದಾರೆ. ಆದರೂ ಒಂದು ಗುಂಡಿಯ ಕಾಲ ಮ್ಯಾಕ್‌ಗೆ ಒಂದು ಒಳ್ಳೆಯ ಗುಣವನ್ನು ಬಿಟ್ಟುಹೋಗಿದೆ. ಬಲ ಕ್ಲಿಕ್ ಇಲ್ಲದಿದ್ದುದರಿಂದ ತಂತ್ರಾಂಶ ಬರೆಯುವವರು ಪ್ರತಿಯೊಂದು ಆಜ್ಞೆಯನ್ನೂ ಕಣ್ಣಿಗೆ ಕಾಣುವ ಮೆನುವಿನಲ್ಲಿ ಇಡಲೇಬೇಕಾಗಿತ್ತು. ಆ ಶಿಸ್ತು ಬಹುಮಟ್ಟಿಗೆ ಇಂದಿಗೂ ಇದೆ: ಹುಡುಕುವವರಿಗೆ ಪರದೆಯ ನೆತ್ತಿಯಲ್ಲಿ ಎಲ್ಲವೂ ಸಿಗುತ್ತದೆ. ಮೆನು ನೆತ್ತಿಯಲ್ಲಿರುವುದಕ್ಕೂ ಅರ್ಥವಿದೆ. ಪಾಲ್ ಫಿಟ್ಸ್ 1954ರಲ್ಲಿ ನಿರೂಪಿಸಿದ ನಿಯಮದ ಪ್ರಕಾರ ಗುರಿ ದೊಡ್ಡದಾದಷ್ಟೂ ಹತ್ತಿರವಿದ್ದಷ್ಟೂ ಕೈ ಅದನ್ನು ಬೇಗ ಮುಟ್ಟುತ್ತದೆ. ಪರದೆಯ ಅಂಚನ್ನು ದಾಟಿ ಕರ್ಸರ್ ಹೋಗಲಾರದ್ದರಿಂದ ಅಂಚಿನಲ್ಲಿರುವ ಗುರಿ ತಪ್ಪುವುದೇ ಕಷ್ಟ. ಮೌಸನ್ನು ಮುಂದಕ್ಕೆ ತಳ್ಳಿದರೆ ಸಾಕು. ಸ್ಟೂವರ್ಟ್ ಕಾರ್ಡ್, ಬಿಲ್ ಇಂಗ್ಲಿಷ್, ಬೆಟ್ಟಿ ಬರ್ 1978ರಲ್ಲಿ ಮೌಸನ್ನು ಜಾಯ್‌ಸ್ಟಿಕ್ ಮತ್ತು ಕೀಲಿಗಳೊಡನೆ ಹೋಲಿಸಿ ನೋಡಿದಾಗ ಪಠ್ಯವನ್ನು ಗುರುತಿಸುವ ಕೆಲಸದಲ್ಲಿ ಮೌಸೇ ವೇಗದಲ್ಲೂ ನಿಖರತೆಯಲ್ಲೂ ಮುಂದಿತ್ತು, ಮತ್ತು ಅದರ ಚಲನೆ ಇದೇ ನಿಯಮಕ್ಕೆ ಹೊಂದುತ್ತಿತ್ತು.

ಕಚೇರಿಯಲ್ಲಿ ಒಂದು ವ್ಯವಸ್ಥೆ, ಮನೆಯಲ್ಲಿ ಇನ್ನೊಂದು ಬಳಸುವವರಿಗೆ ಕಾಡುವ ವ್ಯತ್ಯಾಸಗಳು ಬೇರೆ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಕಾಪಿ ಮಾಡಲು ಕಂಟ್ರೋಲ್ ಕೀಲಿ, ಅದಕ್ಕೆ ಕಿರುಬೆರಳು. ಮ್ಯಾಕ್‌ನಲ್ಲಿ ಕಮಾಂಡ್ ಕೀಲಿ, ಅದಕ್ಕೆ ಹೆಬ್ಬೆರಳು. 2011ರ ಲಯನ್ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಸ್ಕ್ರೋಲ್ ಮಾಡುವ ದಿಕ್ಕೂ ತಿರುಗಿತು: ಬೆರಳು ಮೇಲಕ್ಕೆ ಸರಿದರೆ ಪುಟವೂ ಮೇಲಕ್ಕೆ. ಟ್ರ್ಯಾಕ್‌ಪ್ಯಾಡ್‌ಗೆ ಇದು ಸಹಜವೆನಿಸುತ್ತದೆ, ಚಕ್ರವಿರುವ ಮೌಸಿಗೆ ಅಲ್ಲ. ಮ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬೇರ್ಪಡಿಸಲು ಪ್ರತ್ಯೇಕ ಸಣ್ಣ ತಂತ್ರಾಂಶ ಹಾಕಿಕೊಳ್ಳಬೇಕು. ಕೈ ವೇಗವಾಗಿ ಸರಿದಾಗ ಕರ್ಸರ್ ಇನ್ನಷ್ಟು ದೂರ ಜಿಗಿಯುವ ಲೆಕ್ಕವೂ ಮೂರರಲ್ಲಿ ಮೂರು ಬಗೆ. ಒಂದೇ ಮೌಸ್ ಒಂದು ಕಂಪ್ಯೂಟರಿನಲ್ಲಿ ಚುರುಕಾಗಿ, ಇನ್ನೊಂದರಲ್ಲಿ ಭಾರವಾಗಿ ಅನಿಸುವುದು ಈ ಕಾರಣಕ್ಕೆ. ಮೌಸ್ ಕೆಟ್ಟಿದೆ ಎಂದು ಬದಲಿಸುವ ಮೊದಲು ಸೆಟ್ಟಿಂಗ್ಸ್ ತೆರೆದು ನೋಡುವುದು ಒಳ್ಳೆಯದು.

ಇಷ್ಟಾದರೂ ವ್ಯವಸ್ಥೆಯ ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ಕೈಯ ಅಭ್ಯಾಸವಲ್ಲ. ಹಳೆಯ ಫೈಲುಗಳು ಎಲ್ಲಿವೆ, ದಿನದ ಕೆಲಸದ ತಂತ್ರಾಂಶ ಎಲ್ಲಿ ನಡೆಯುತ್ತದೆ ಎಂಬುದೇ ಮೊದಲ ಪ್ರಶ್ನೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಪುಟವಿನ್ಯಾಸದ ಪೇಜ್‌ಮೇಕರ್ 1985ರಲ್ಲಿ ಮೊದಲು ಬಂದದ್ದು ಮ್ಯಾಕಿಂತೋಷ್‌ಗೆ, ಅಂದರೆ ಒಂದೇ ಗುಂಡಿಯ ಮೌಸಿಗೆ. ಕರ್ನಾಟಕದ ಡಿಟಿಪಿ ಕೇಂದ್ರಗಳಲ್ಲಿ ಅದು ನೆಲೆಯೂರಿದ್ದು ವಿಂಡೋಸ್ ಮೇಲೆ, ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಅಕ್ಷರಗಳ ಜೊತೆಗೆ. 2001ರ ಏಳನೆಯ ಆವೃತ್ತಿಯೇ ಅದರ ಕೊನೆಯದು. ಆದರೂ ಮದುವೆಯ ಕರೆಯೋಲೆಯಿಂದ ಹಿಡಿದು ಪುಸ್ತಕದವರೆಗೆ ಅದರಲ್ಲಿ ಕಟ್ಟಿದ ಪುಟಗಳು ಇಂದಿಗೂ ಹಾರ್ಡ್ ಡಿಸ್ಕುಗಳಲ್ಲಿವೆ.

ಆ ಫೈಲುಗಳ ತೊಡಕು ಅವುಗಳ ಅಕ್ಷರಗಳಲ್ಲಿದೆ. ಹಳೆಯ ನುಡಿ, ಬರಹ ಅಕ್ಷರಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಹಾಕಿಕೊಂಡರೂ ಆ ಪಠ್ಯದಲ್ಲಿ ಕನ್ನಡದ ಪದವೊಂದನ್ನು ಎಂದಿನಂತೆ ಹುಡುಕಲು ಬಾರದು. ಪ್ರತಿ ಲಿಪಿಗೂ ಬೇರೆ ಬೇರೆ ಸಂಕೇತಗಳನ್ನು ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿತು, ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ಒಳಗೊಂಡೇ ಬಂದಿತು. ಇಂದು ಮೂರೂ ವ್ಯವಸ್ಥೆಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಹಾಗಾಗಿ ವಿಂಡೋಸ್ ಬಿಟ್ಟು ಹೊರಡುವ ಬರಹಗಾರರು ಮೊದಲು ಮಾಡಬೇಕಾದ ಕೆಲಸ ಹಳೆಯ ಬರಹಗಳನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳುವುದು. ಉಚಿತ ಪರಿವರ್ತಕಗಳಿವೆ. ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವಲ್ಲಿ ಅವು ಎಡವುವುದುಂಟು, ಆದ್ದರಿಂದ ಕರಡು ತಿದ್ದುವ ಶ್ರಮ ತಪ್ಪಿದ್ದಲ್ಲ. ಪುಟವಿನ್ಯಾಸದ ಹಳೆಯ ಫೈಲುಗಳನ್ನೇ ಮತ್ತೆ ಮತ್ತೆ ತೆರೆಯಬೇಕಾದವರು ವಿಂಡೋಸ್‌ನಲ್ಲಿ ಉಳಿಯುವುದೇ ವಿವೇಕ.

ಕೀಲಿವಿನ್ಯಾಸದಲ್ಲಿಯೂ ವ್ಯತ್ಯಾಸವಿದೆ. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಲಿನಕ್ಸ್‌ನಲ್ಲಿ ಅದು ಕಗಪ ಎಂಬ ಹೆಸರಿನಲ್ಲಿ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ವಿಂಡೋಸ್ ತನ್ನೊಳಗೆ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಇಟ್ಟುಕೊಂಡಿದೆ. 2019ರಿಂದ ಧ್ವನ್ಯಾತ್ಮಕ ವಿನ್ಯಾಸವನ್ನೂ ಸೇರಿಸಿಕೊಂಡಿದೆ. ಮ್ಯಾಕ್‌ನಲ್ಲಿ ಕನ್ನಡ ಮತ್ತು ಕನ್ನಡ ಕ್ವೆರ್ಟಿ ಎಂಬ ಎರಡು ವಿನ್ಯಾಸಗಳಿವೆ. ಕನ್ನಡ ಬರೆಯುವ ಕೆಲಸ ಮಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಲಿನಕ್ಸ್ ಹಿಂದೆ ಬಿದ್ದಿಲ್ಲ, ಮುಂದಿದೆ. ಗುಬ್ಬಿ, ನವಿಲು, ಲೋಹಿತ್‌ನಂಥ ಮುಕ್ತ ಫಾಂಟ್‌ಗಳೂ ಅಲ್ಲಿ ಸುಲಭವಾಗಿ ಸಿಗುತ್ತವೆ.

ಲೆಕ್ಕಪತ್ರದವರ ವಿಷಯ ನೇರ. ಬೆಂಗಳೂರಿನ ಟ್ಯಾಲಿ ವಿಂಡೋಸ್‌ಗೆಂದೇ ಬರೆದ ತಂತ್ರಾಂಶ, ಅದನ್ನು ನಂಬಿದವರಿಗೆ ಬೇರೆ ದಾರಿ ಹುಡುಕುವ ಅಗತ್ಯವಿಲ್ಲ. ಕೀಲಿಗಳಿಂದಲೇ ನಡೆಯುವಂತೆ ಅದನ್ನು ಕಟ್ಟಿರುವುದರಿಂದ ಪಳಗಿದ ಲೆಕ್ಕಿಗರು ಮೌಸ್ ಮುಟ್ಟುವುದೇ ಕಡಿಮೆ. ಅವರು ಹಣ ಹಾಕಬೇಕಾದದ್ದು ಒಳ್ಳೆಯ ಕೀಲಿಮಣೆಗೆ. ಇನ್ನು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಸೌಲಭ್ಯ ಮತ್ತು ಹೊಸ ಪ್ರೊಸೆಸರ್ ಇಲ್ಲದ, ಆದರೆ ಚೆನ್ನಾಗಿ ಓಡುತ್ತಿರುವ ಕಂಪ್ಯೂಟರುಗಳು ಎಷ್ಟೋ ಮನೆಗಳಲ್ಲಿವೆ. ಅವನ್ನು ಗುಜರಿಗೆ ಹಾಕುವುದು ಅನ್ಯಾಯ. ಇಂಟರ್ನೆಟ್, ಪತ್ರ, ಬರಹ, ಸಣ್ಣಪುಟ್ಟ ಲೆಕ್ಕಗಳಿಗೆ ಲಿನಕ್ಸ್ ಹಾಕಿದರೆ ಅವು ಇನ್ನೂ ಹಲವು ವರ್ಷ ದುಡಿಯುತ್ತವೆ. ನೆರೆಯ ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸ್ ಮೇಲೆಯೇ ನಡೆಸಿಕೊಂಡು ಬಂದಿರುವುದು ದಿನನಿತ್ಯದ ಕೆಲಸಕ್ಕೆ ಲಿನಕ್ಸ್ ಸಾಕೆಂಬುದಕ್ಕೆ ಸಾಕ್ಷಿ.

ವ್ಯವಸ್ಥೆಯನ್ನು ಕೆಲಸ ತೀರ್ಮಾನಿಸಿದರೆ ಮೌಸನ್ನು ತೀರ್ಮಾನಿಸಬೇಕಾದದ್ದು ಕೈ. ಇಲ್ಲಿ ಕಂಪನಿಯ ನಿಷ್ಠೆಗೆ ಜಾಗವಿಲ್ಲ, ಏಕೆಂದರೆ ಯುಎಸ್‌ಬಿ ಮೌಸ್ ಯಾವುದಾದರೂ ಮೂರೂ ವ್ಯವಸ್ಥೆಗಳಲ್ಲಿ ಕೆಲಸ ಮಾಡುತ್ತದೆ. ಮ್ಯಾಕ್ ಕೊಂಡವರು ಆಪಲ್‌ನ ಮ್ಯಾಜಿಕ್ ಮೌಸನ್ನೇ ಹಿಡಿಯಬೇಕಿಲ್ಲ. 2009ರಲ್ಲಿ ಬಂದ ಆ ಮೌಸ್ ನೋಡಲು ಚಂದ, ಅದರ ಮೇಲ್ಮೈಯಲ್ಲಿ ಬೆರಳಾಡಿಸಿದರೆ ಪುಟ ಸರಾಗವಾಗಿ ಸರಿಯುತ್ತದೆ; ಆದರೆ ಅಂಗೈಗೆ ಅದರ ಬೆನ್ನು ಆಸರೆ ಕೊಡದಷ್ಟು ತಗ್ಗು. 2015ರ ಆವೃತ್ತಿಯಿಂದ ಅದಕ್ಕೆ ಚಾರ್ಜ್ ಮಾಡುವ ಕಿಂಡಿ ಬಂದದ್ದು ಹೊಟ್ಟೆಯಡಿಯಲ್ಲಿ, ಹಾಗಾಗಿ ಚಾರ್ಜ್ ಆಗುವಾಗ ಬಳಸುವಂತಿಲ್ಲ. ದೀರ್ಘ ದುಡಿಮೆಗೆ ಅದು ತಕ್ಕದ್ದಲ್ಲ. ಬೆನ್ನು ಉಬ್ಬಿದ, ಅಂಗೈ ತುಂಬುವ ಮೌಸ್ ಹಿಡಿದಾಗ ಬೆರಳುಗಳು ಗಟ್ಟಿಯಾಗಿ ಅವುಚಿಕೊಳ್ಳಬೇಕಾಗುವುದಿಲ್ಲ. ಲ್ಯಾಪ್‌ಟಾಪಿನ ಚೀಲಕ್ಕೆಂದು ಮಾಡಿದ ಪುಟ್ಟ ಮೌಸಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಿದರೆ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಮಣಿಕಟ್ಟು ನೋಯುವವರಿಗೆ ಹಸ್ತಲಾಘವದ ಭಂಗಿಯಲ್ಲಿ ಕೈ ನಿಲ್ಲುವ ನೆಟ್ಟಗಿನ ಮೌಸ್, ಭುಜ ನೋಯುವವರಿಗೆ ಕೈ ಸರಿಸುವ ಅಗತ್ಯವೇ ಇಲ್ಲದ ಟ್ರ್ಯಾಕ್‌ಬಾಲ್ ಸಹಾಯವಾಗಬಹುದು. ಚಪ್ಪಲಿಯಂತೆ ಮೌಸನ್ನೂ ತೊಟ್ಟು ನೋಡಿಯೇ ಕೊಳ್ಳಬೇಕು.

ಡಬ್ಬಿಯ ಮೇಲಿನ ಅಂಕಿಗಳಿಗೆ ಮರುಳಾಗಬೇಕಿಲ್ಲ. 1000 ಡಿಪಿಐ ಎಂದರೆ ಮೌಸ್ ಒಂದು ಅಂಗುಲ ಸರಿದರೆ ಸಾವಿರ ಎಣಿಕೆ. 1920 ಚುಕ್ಕಿ ಅಗಲದ ಪರದೆಯನ್ನು ದಾಟಲು ಎರಡು ಅಂಗುಲ ಸಾಕು. ಇಪ್ಪತ್ತು ಸಾವಿರದ ಲೆಕ್ಕವೆಲ್ಲ ಬರೆಯುವವರಿಗೆ ಉಪಯೋಗವಿಲ್ಲದ್ದು. ಕೆಂಪು ಬೆಳಕಿನ ಮೌಸ್ ಮೇಜಿನ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಅವನ್ನು ಹೋಲಿಸಿ ಚಲನೆಯನ್ನು ತಿಳಿಯುತ್ತದೆ. ಹೋಲಿಸಲು ಗೆರೆ ಗೀರು ಇಲ್ಲದ ಗಾಜಿನ ಮೇಜಿನ ಮೇಲೆ ಅದು ತಡವರಿಸುವುದು ಅದಕ್ಕೇ. ವೈರ್‌ಲೆಸ್ ಮೌಸಿನ ಕರ್ಸರ್ ತೊದಲತೊಡಗಿದರೆ ಅದರ ಪುಟ್ಟ ರಿಸೀವರ್ ಯುಎಸ್‌ಬಿ 3 ಕಿಂಡಿಯ ಪಕ್ಕದಲ್ಲಿದೆಯೇ ನೋಡಬೇಕು. ಆ ಕಿಂಡಿಗಳ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡಿ ಮಾಡುತ್ತದೆ. ಮೇಜು ಬಿಟ್ಟು ಏಳದ ಕಂಪ್ಯೂಟರಿಗೆ ತಂತಿಯ ಮೌಸೇ ಉತ್ತಮ: ಬ್ಯಾಟರಿಯ ಚಿಂತೆಯಿಲ್ಲ, ಬೆಲೆಯೂ ಕಡಿಮೆ.

ಎಡಗೈಯವರ ಮಾತು ಉಳಿದಿದೆ. ಅಂಗೈಗೆ ಹೊಂದುವಂತೆ ಮಾಡಿದ ಮೌಸುಗಳಲ್ಲಿ ಬಹುಪಾಲು ಬಲಗೈಗೆಂದೇ ಬಾಗಿರುತ್ತವೆ. ಎರಡೂ ಪಕ್ಕ ಒಂದೇ ಆಕಾರವಿರುವ ಸಾದಾ ಮೌಸ್ ಯಾರಿಗೂ ಒದಗುತ್ತದೆ, ಮತ್ತು ಎಡ ಬಲ ಗುಂಡಿಗಳನ್ನು ಅದಲುಬದಲು ಮಾಡುವ ಅನುಕೂಲ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ಸೆಟ್ಟಿಂಗ್ಸ್‌ನಲ್ಲೂ ಇದೆ. ಶಾಲೆಯ ಕಂಪ್ಯೂಟರ್ ಕೋಣೆಗಳಲ್ಲಿ ಮೌಸುಗಳೆಲ್ಲ ಬಲಗಡೆಯೇ ಇರುವುದರಿಂದ ಎಡಗೈಯ ಮಕ್ಕಳು ಒಗ್ಗದ ಕೈಯಲ್ಲೇ ಕಲಿಯುವಂತಾಗಿದೆ. ಆ ಕೋಣೆಗಳನ್ನು ನೋಡಿಕೊಳ್ಳುವ ಶಿಕ್ಷಕರು ಒಂದೆರಡು ಕಂಪ್ಯೂಟರುಗಳ ಮೌಸನ್ನಾದರೂ ಎಡಗಡೆಗೆ ಇಟ್ಟು, ಗುಂಡಿಗಳನ್ನು ಬದಲಿಸಿ, ಆ ಮಕ್ಕಳನ್ನು ಅಲ್ಲಿ ಕೂರಿಸಬೇಕು. ಇದಕ್ಕೆ ಖರ್ಚೇನೂ ಇಲ್ಲ.