ದಿಗ್ಬೋಯಿಯ ಏತಗಳು

ಅಸ್ಸಾಮಿನ ತಿನ್ಸುಕಿಯಾ ಬಿಟ್ಟ ಮೇಲೆ ದಾರಿಯುದ್ದಕ್ಕೂ ಚಹಾ ತೋಟ. ಊರು ಕಾಣುವ ಮೊದಲೇ ಎಣ್ಣೆಯ ವಾಸನೆ ಮೂಗಿಗೆ ಬಂತು. ಸುರತ್ಕಲ್ಲಿನ ಹತ್ತಿರ ಬೆಳೆದವನಿಗೆ ಅದೇನು ಹೊಸದಲ್ಲ. "ದಿಗ್ಬೋಯ್ ಬಂತು, ದಾದಾ" ಎಂದು ಚಾಲಕ ಹೇಳುವಷ್ಟರಲ್ಲಿ ನಾನು ಕಿಟಕಿಯ ಗಾಜು ಇಳಿಸಿಯಾಗಿತ್ತು.

ನಮ್ಮಲ್ಲಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲದು. ದಿಗ್ಬೋಯಿಯ ಸಾಮರ್ಥ್ಯ ಆರೂವರೆ ಲಕ್ಷ ಟನ್. ಆದರೂ ಇಷ್ಟು ದೂರ ಬಂದೆ. ನಮ್ಮೂರಿನ ಎಣ್ಣೆ ಹಡಗಿನಲ್ಲಿ ಬಂದು ಕೊಳವೆಗಿಳಿದು ಕಾಂಪೌಂಡಿನಾಚೆ ಮಾಯವಾಗುತ್ತದೆ. ರಾತ್ರಿ ಚಿಮಣಿಯ ತುದಿಯಲ್ಲಿ ಉರಿಯುವ ಬೆಂಕಿಯಷ್ಟೇ ನಮಗೆ ಪರಿಚಯ. ಎಣ್ಣೆ ನೆಲದಿಂದ ಹೇಗೆ ಬರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಾಣಬೇಕಿತ್ತು. ಬಾವಿಯೂ ಸಂಸ್ಕರಣಾಗಾರವೂ ಒಂದೇ ಊರಲ್ಲಿರುವ ಜಾಗ ಇದು.

ತೈಲ ವಸ್ತುಸಂಗ್ರಹಾಲಯದಲ್ಲಿ ಸಿಕ್ಕ ಹಿರಿಯರೊಬ್ಬರು ರಿಗ್ಗಿನಲ್ಲಿ ದುಡಿದು ನಿವೃತ್ತರಾದವರು. ಮೊದಲನೆಯ ಬಾವಿಯ ಕಥೆಯನ್ನು ಮನೆಯ ಹಿರಿಯರ ಕಥೆಯಂತೆ ಹೇಳಿದರು. ರೈಲು ಹಳಿಗಾಗಿ ಕಾಡಿನಿಂದ ದಿಮ್ಮಿ ಎಳೆಯುತ್ತಿದ್ದ ಆನೆಗಳ ಕಾಲಿಗೆ ಎಣ್ಣೆ ಮೆತ್ತಿತ್ತಂತೆ. ಐತಿಹ್ಯ ಹೇಗೇ ಇರಲಿ, 1889ರಲ್ಲಿ ಕೊರೆಯಲು ಶುರುಮಾಡಿ ಮರುವರ್ಷ 662 ಅಡಿಗೆ ಮುಗಿಸಿದ ಬಾವಿ ಇದು.

"ಕೆಳಗೆ ಎಣ್ಣೆಯ ಕೆರೆ ಇದೆ ಅಂದುಕೊಂಡಿದ್ದೀರಾ?" ಎಂದು ಅವರು ಕೇಳಿದರು. ನಾನು ಹಾಗೇ ಅಂದುಕೊಂಡಿದ್ದೆ. ಅವರು ಒಂದು ಮರಳುಗಲ್ಲಿನ ತುಂಡನ್ನು ಅಂಗೈಗಿಟ್ಟರು. ಗಟ್ಟಿ ಕಲ್ಲು. ಅದರ ಕಣಗಳ ಸಂದಿಯಲ್ಲಿ, ಸ್ಪಂಜಿನಲ್ಲಿ ನೀರಿರುವಂತೆ, ಎಣ್ಣೆ ಇರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ಜೀವರಾಶಿ ಆಳದ ಕಾವಿನಲ್ಲಿ ಎಣ್ಣೆಯಾಗಿ, ನೀರಿಗಿಂತ ಹಗುರಾದ್ದರಿಂದ ಮೇಲೇರುತ್ತ ಬಂದು, ಬೋರಲು ಬಟ್ಟಲಿನಂತೆ ಮಡಚಿದ ಬಿಗಿ ಪದರದಡಿ ಸಿಕ್ಕಿಬೀಳುತ್ತದೆ. ಎಣ್ಣೆ ಹುಡುಕುವುದೆಂದರೆ ಆ ಬಟ್ಟಲನ್ನು ಹುಡುಕುವುದು. ನೆಲಕ್ಕೆ ಕಂಪನ ಕೊಟ್ಟು, ಮರಳಿ ಬರುವ ಸದ್ದನ್ನು ಆಲಿಸಿ ಅದರ ಚಿತ್ರ ಬಿಡಿಸುತ್ತಾರೆ. ಆದರೂ ಕೊರೆದು ನೋಡುವವರೆಗೆ ಅದು ಊಹೆಯೇ.

ಕೊರೆಯುವಾಗ ಕೊಳವೆಯೊಳಗೆ ಜೇಡಿಮಣ್ಣಿನ ಗಟ್ಟಿ ರಾಡಿಯನ್ನು ಸುರಿಯುತ್ತಲೇ ಇರಬೇಕು. ಅವರ ಬಾಯಲ್ಲಿ ಅದು 'ಮಡ್'. ಉಳಿಯನ್ನು ತಂಪಾಗಿಡುವುದು, ಕಲ್ಲಿನ ಪುಡಿಯನ್ನು ಮೇಲೆ ತರುವುದು ಅದರ ಕೆಲಸ. ಎಲ್ಲಕ್ಕಿಂತ ಮುಖ್ಯ, ಕೆಳಗಿನ ಅನಿಲವನ್ನು ತನ್ನ ಭಾರದಿಂದ ಅದುಮಿ ಹಿಡಿಯುವುದು. ಇಲ್ಲಿಗೆ ಬಂದಾಗ ಹಿರಿಯರ ದನಿ ತಗ್ಗಿತು. "ಬಾಘ್‌ಜಾನ್ ಗೊತ್ತಲ್ಲ?" ಎಂದರು.

ಗೊತ್ತು. ಇದೇ ತಿನ್ಸುಕಿಯಾ ಜಿಲ್ಲೆಯ ಬಾಘ್‌ಜಾನಿನಲ್ಲಿ 2020ರ ಮೇ 27ರಂದು ಬಾವಿಯೊಂದರ ದುರಸ್ತಿಯ ವೇಳೆ ಒತ್ತಡ ಕೈಮೀರಿ ಅನಿಲ ಚಿಮ್ಮಿತು. ಜೂನ್ 9ರಂದು ಬೆಂಕಿ ಹೊತ್ತಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಮನೆ ಬಿಟ್ಟು ಸಾವಿರಾರು ಜನ ಶಿಬಿರ ಸೇರಿದರು. ಪಕ್ಕದ ಮಾಗುರಿ ಜೌಗಿನಲ್ಲಿ ಮೀನು ಸತ್ತವು. ಬೆಂಕಿ ನಂದಿಸುವಷ್ಟರಲ್ಲಿ ನವೆಂಬರ್ ಬಂದಿತ್ತು. ಗ್ಯಾಸ್ ಒಲೆ ಹಚ್ಚುವ ಪ್ರತಿ ಮನೆಗೂ ತಿಳಿದಿರಬೇಕಾದ ಸಂಗತಿಯಿದು ಎಂದು ನನಗೆ ಅಲ್ಲಿ ಬಲವಾಗಿ ಅನಿಸಿತು.

ಸಂಸ್ಕರಣಾಗಾರವನ್ನು ಹೊರಗಿನಿಂದಲೇ ನೋಡಿದೆ. 1901ರಿಂದ ನಡೆಯುತ್ತಿದೆ. ಒಳಗಿನ ಮೂಲಸೂತ್ರ ಗೇರುಹಣ್ಣಿನ ಭಟ್ಟಿ ಕಂಡವರಿಗೆ ಅಪರಿಚಿತವಲ್ಲ: ಕಚ್ಚಾ ತೈಲವನ್ನು 350 ಡಿಗ್ರಿಯ ಆಸುಪಾಸಿಗೆ ಕಾಸಿ ಎತ್ತರದ ಗೋಪುರಕ್ಕೆ ಬಿಟ್ಟರೆ, ಹಗುರ ಆವಿ ತುದಿಗೇರುತ್ತದೆ, ಭಾರದ್ದು ಕೆಳಗೇ ತಣಿಯುತ್ತದೆ. ಮೇಲೆ ಅಡುಗೆ ಅನಿಲ, ಪೆಟ್ರೋಲಿನ ಅಂಶ. ನಡುವೆ ಸೀಮೆಎಣ್ಣೆ, ಡೀಸೆಲ್. ತಳದಲ್ಲಿ ಡಾಂಬರಿನಂಥ ಗಸಿ. ದಿಗ್ಬೋಯಿಯ ಎಣ್ಣೆಯಿಂದ ಮೇಣವೂ ಸಿಗುತ್ತದೆ. ಈ ಉದ್ಯಮದ ಮೊದಮೊದಲ ದಿನಗಳಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಸೀಮೆಎಣ್ಣೆ, ನಮ್ಮಜ್ಜಿಯ 'ಚಿಮಿಣಿ ಎಣ್ಣೆ'. ಕಾರುಗಳೇ ಇಲ್ಲದಾಗ ಪೆಟ್ರೋಲಿಗೆ ಬೆಲೆಯೆಲ್ಲಿ?

ಸಂಜೆ ಆ ಹಿರಿಯರೊಂದಿಗೆ ಊರಾಚೆಯ ಒಂದು ಬಾವಿಯ ಬಳಿ ನಿಂತೆ. ಕಬ್ಬಿಣದ ಪಂಪು ಮೂತಿ ತಗ್ಗಿಸಿ ಎತ್ತುತ್ತಿತ್ತು. ಥೇಟ್ ಅಜ್ಜನ ಅಡಿಕೆ ತೋಟದ ಏತ. ಹೊಸ ಬಾವಿಯಲ್ಲಿ ಎಣ್ಣೆಯನ್ನು ಅನಿಲದ ಒತ್ತಡವೇ ಮೇಲಕ್ಕೆ ತಳ್ಳುತ್ತದೆ. ಅದು ಕುಗ್ಗಿದ ಮೇಲೆ ಹೀಗೆ ಸೇದಬೇಕು. ಎಷ್ಟು ಸೇದಿದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಿನಲ್ಲೇ ಉಳಿಯುತ್ತದಂತೆ. ನಮ್ಮ ಕರಾವಳಿಯ ಪಾದೂರಿನಲ್ಲಿ ಇದಕ್ಕೆ ತಿರುಗುಮುರುಗು: ಆಪತ್ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವಷ್ಟು ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದೇವೆ.

ಏತದ ಸರಳು ಇಳಿಯುವಲ್ಲಿ ಕಪ್ಪು ಪಸೆಯಿತ್ತು. ಹಿರಿಯರು ಬೆರಳಲ್ಲಿ ಒರೆಸಿ ನನ್ನ ಬೆರಳಿಗೆ ತಾಗಿಸಿದರು. ಲಾಡ್ಜಿನಲ್ಲಿ ಎರಡು ಸಲ ಸೋಪು ಹಚ್ಚಿ ತೊಳೆದರೂ ಊಟಕ್ಕೆ ಕೂತಾಗ ಆ ವಾಸನೆ ಬೆರಳಲ್ಲೇ ಇತ್ತು.