ಐಕಳದ ಕರೆಯ ಬದಿಯಲ್ಲಿ ಒಂದು ರಾತ್ರಿ

ಕಾಸರಗೋಡಿನ ಕಡೆಯ ನಮಗೆ ಮಂಗಳೂರು ಪರವೂರಲ್ಲ. ಆಸ್ಪತ್ರೆಗೆಂದು, ಕಾಲೇಜಿಗೆಂದು, ಮದುವೆಯ ಜವಳಿಗೆಂದು ನಾವು ತಲಪಾಡಿಯ ಗಡಿಯನ್ನು ದಾಟುತ್ತಲೇ ಇರುತ್ತೇವೆ. ಆದರೆ ಕಳೆದ ಮಕರಮಾಸದ ಒಂದು ಶನಿವಾರ ನಾನು ಕುಂಬಳೆಯಲ್ಲಿ ಬಸ್ಸು ಹತ್ತಿದುದು ಇಂಥ ಯಾವ ಕೆಲಸಕ್ಕೂ ಅಲ್ಲ. ಒಬ್ಬ ಹುಡುಗನ ಉದ್ಯೋಗವನ್ನು ಕಣ್ಣಾರೆ ಕಂಡು ಬರುವುದಕ್ಕೆ.

ಹುಡುಗ ನಮ್ಮ ಶಾಲೆಯಲ್ಲಿ ಓದಿದವನು. ಮಂಗಳೂರಿನಲ್ಲಿ ಪತ್ರಿಕೋದ್ಯಮವನ್ನು ವಿಷಯವಾಗಿ ತೆಗೆದುಕೊಂಡು ಪದವಿ ಮುಗಿಸಿ, ಅಲ್ಲಿಯೇ ಒಂದು ಕನ್ನಡ ದಿನಪತ್ರಿಕೆಗೆ ಆಟೋಟಗಳ ಸುದ್ದಿ ಬರೆಯುವ ಬಿಡಿ ಸುದ್ದಿಗಾರನಾಗಿ ಸೇರಿಕೊಂಡಿದ್ದಾನೆ. ಅವನ ತಂದೆಯವರು ಎರಡೆಕರೆ ಅಡಕೆ ತೋಟದ ಗೃಹಸ್ಥರು. ಒಂದು ಸಂಜೆ ಶಾಲೆಯ ಜಗಲಿಗೆ ಬಂದು ಕುಳಿತು, "ಮಾಷ್ಟ್ರೇ, ಬರುವ ಮಳೆಗಾಲಕ್ಕೆ ಅವನನ್ನು ಬಿ.ಎಡ್.ಗೆ ಸೇರಿಸಬೇಕೆಂದು ಹಣ ತೆಗೆದಿಟ್ಟಿದ್ದೇನೆ. ಕನ್ನಡ ಶಾಲೆಯಲ್ಲಿ ಎಲ್ಲಾದರೂ ಒಂದು ಹುದ್ದೆ ಸಿಕ್ಕೀತು. ಆಟದ ಸುದ್ದಿ ಬರೆದು ಯಾರ ಹೊಟ್ಟೆ ತುಂಬಿದೆ? ನನ್ನ ಮಾತು ಅವನಿಗೆ ಹಿಡಿಸುವುದಿಲ್ಲ. ನೀವೊಮ್ಮೆ ಹೋಗಿ ನೋಡಿ, ಸರಿ ಕಂಡದ್ದನ್ನು ಹೇಳಿ" ಎಂದರು.

ಹೋಗದಿರುವಂತಿರಲಿಲ್ಲ. ಈ ಹುಚ್ಚಿಗೆ ನೀರೆರೆದವನು ನಾನೇ. ೨೦೨೧ರ ಜನವರಿ ೧೩ರಂದು ಮುಂಬಯಿಯ ವಾಂಖೆಡೆ ಮೈದಾನದಲ್ಲಿ, ಸಯ್ಯದ್ ಮುಷ್ತಾಕ್ ಅಲಿ ಪಂದ್ಯಾವಳಿಯಲ್ಲಿ, ನಮ್ಮ ಕಾಸರಗೋಡು ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಕೇರಳದ ಪರವಾಗಿ ಕೇವಲ ೫೪ ಚೆಂಡುಗಳಲ್ಲಿ ಔಟಾಗದೆ ೧೩೭ ಓಟ ಹೊಡೆದುದು ಓದುಗರಿಗೆ ನೆನಪಿರಬಹುದು. ಆಗ ಪ್ಲಸ್ ಟು ಓದುತ್ತಿದ್ದ ಈ ಹುಡುಗ ಮರುದಿನವೇ ತಳಂಗರೆಗೆ ಹೋಗಿ, ಬೀದಿಯಲ್ಲಿ ಕಂಡವರನ್ನೆಲ್ಲ ಮಲಯಾಳದಲ್ಲಿ ಮಾತನಾಡಿಸಿ, ಕೇಳಿದ್ದನ್ನು ಕನ್ನಡದಲ್ಲಿ ಬರೆದು, ನೋಟುಪುಸ್ತಕದ ಎರಡು ಹಾಳೆಗಳನ್ನು ನನ್ನ ಮುಂದಿಟ್ಟ. 'ಸಿಡಿಲಮರಿ', 'ಬಿರುಗಾಳಿ' ಮೊದಲಾದುವನ್ನು ಹೊಡೆದುಹಾಕಿ ತಿದ್ದಿಕೊಟ್ಟೆ. ಪತ್ರಿಕೆಯಲ್ಲಿ ಬಂದುದು ನಾಲ್ಕೇ ಸಾಲು. ಆ ನಾಲ್ಕು ಸಾಲುಗಳೇ ಮಗನನ್ನು ಕೆಡಿಸಿದುವೆಂದು ತಂದೆಯವರ ಮತ. ನಾಲ್ಕು ವರುಷ ಕಳೆದು, ೨೦೨೫ರ ಫೆಬ್ರವರಿಯಲ್ಲಿ, ಅದೇ ಅಜರುದ್ದೀನ್ ಅಹಮದಾಬಾದಿನಲ್ಲಿ ಗುಜರಾತದ ಎದುರು ಔಟಾಗದೆ ೧೭೭ ಹೊಡೆದು, ಕೇರಳ ಎರಡೇ ಓಟಗಳ ಮುನ್ನಡೆಯಿಂದ ಮೊದಲ ಬಾರಿಗೆ ರಣಜಿಯ ಅಂತಿಮ ಪಂದ್ಯಕ್ಕೆ ಏರಿದಾಗ ಹುಡುಗ ಪುನಃ ತಳಂಗರೆಗೆ ಓಡಿದ್ದನಂತೆ. ಈ ಸಲ ಮೂವತ್ತು ಸಾಲು ಬಂತು ಎಂದು ನನಗೆ ಫೋನು ಮಾಡಿ ಹೇಳಿದ್ದ.

ಮಂಜೇಶ್ವರವನ್ನು ದಾಟುವಾಗ ಗೋವಿಂದ ಪೈಗಳ ನೆನಪಾಗದೆ ಇರದು. ತಲಪಾಡಿ, ತೊಕ್ಕೊಟ್ಟು ಕಳೆದು ನೇತ್ರಾವತಿಯ ಸೇತುವೆಯ ಮೇಲೆ ಬಸ್ಸು ಸಾಗಿದಾಗ ಹೊಳೆ ತುಂಬಿ ನಿಂತಿತ್ತು. ಹುಡುಗ ಬಲ್ಮಠದ ಸಮೀಪ ಇನ್ನಿಬ್ಬರು ಗೆಳೆಯರೊಡನೆ ಒಂದು ಕೋಣೆಯಲ್ಲಿ ಇದ್ದಾನೆ. ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಮುದ್ರಣಾಲಯ ತೆರೆದ ಗುಡ್ಡವಿದು. ೧೮೪೩ರ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ'ವೇ ಕನ್ನಡದ ಮೊದಲ ಪತ್ರಿಕೆ. ಮರುವರುಷ ಅದು ಬಳ್ಳಾರಿಗೆ ಹೋಯಿತು. ಹುಡುಗನಿಗೆ ಇವೆಲ್ಲ ಪರೀಕ್ಷೆಗೆ ಓದಿದ ಸಂಗತಿಗಳು. "ಆ ಗುಡ್ಡದ ಬುಡದಲ್ಲಿಯೇ ಬಾಡಿಗೆ ಕಟ್ಟಲು ಕಷ್ಟವಾಗುತ್ತಿದೆ ಮಾಷ್ಟ್ರೇ" ಎಂದು ನಕ್ಕ.

ನಗುವ ಮಾತಲ್ಲ. ಅವನಿಗೆ ತಿಂಗಳ ಸಂಬಳವಿಲ್ಲ. ಅಚ್ಚಾದ ಸುದ್ದಿಯ ಲೆಕ್ಕದಲ್ಲಿ ಹಣ. ಅದೂ ಒಂದು ತಿಂಗಳಿನದು ಮೂರನೆಯ ತಿಂಗಳಿಗೆ. ಬಸ್ಸಿನ ಖರ್ಚು ಅವನದೇ. ಶಾಲಾ ಕ್ರೀಡಾಕೂಟ, ಕಬಡ್ಡಿ, ವಾಲಿಬಾಲು, ಊರ ಹಬ್ಬದ ಹಗ್ಗಜಗ್ಗಾಟ, ಎಲ್ಲಕ್ಕೂ ಅವನು ಓಡಬೇಕು. ಬರೆದರೆ ಮಾತ್ರ ಸಾಲದು, ಫೋನಿನಲ್ಲಿ ಚಿತ್ರ ಹಿಡಿಯಬೇಕು, ಒಂದೂವರೆ ನಿಮಿಷ ಮಾತನಾಡಿ ಕಳುಹಿಸಬೇಕು, ತುಳುವಿನಲ್ಲಿ ಕೇಳಿದುದನ್ನು ಕನ್ನಡದಲ್ಲಿ ಹೇಳಬೇಕು. ಕೆಲಸ ಕಲಿಸುವ ಹಿರಿಯರು ಕಚೇರಿಯಲ್ಲಿ ಇಬ್ಬರು ಇದ್ದಾರೆ. ಅವರಿಗೆ ಬಿಡುವಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಕಿನ್ನಿಗೋಳಿಯ ಬಸ್ಸು ಹಿಡಿದೆವು. ಕೂಳೂರು, ಪಣಂಬೂರು, ಸುರತ್ಕಲ್ಲು, ಹಳೆಯಂಗಡಿ, ಮೂಲ್ಕಿ. ಅಲ್ಲಿಂದ ಬಲಕ್ಕೆ ಹೊರಳಿದರೆ ಹೆದ್ದಾರಿಯ ಗದ್ದಲ ಕಡಿದು ಗದ್ದೆ, ತೆಂಗು, ಕಂಗುಗಳ ನಡುವಿನ ದಾರಿ. ಕಿನ್ನಿಗೋಳಿ ಚಿಕ್ಕ ಪೇಟೆ. ಆದರೆ ಕೊ. ಅ. ಉಡುಪರು ಇಲ್ಲಿಂದ 'ಯುಗಪುರುಷ'ವನ್ನು ನಡೆಸಿದರು. ನಮ್ಮ ಮನೆಯಲ್ಲಿ ಅದರ ಹಳೆಯ ಸಂಚಿಕೆಗಳ ಕಟ್ಟೊಂದು ಇತ್ತು. ಇಂಥ ಪೇಟೆಯಲ್ಲಿ ಕುಳಿತು ಪತ್ರಿಕೆ ನಡೆಸಿದವರೂ ಲಾಭ ನಷ್ಟದ ಲೆಕ್ಕ ಹಾಕಿರಲಾರರು ಎಂದುಕೊಂಡೆ. ಹಾಗೆಂದು ಹುಡುಗನ ತಂದೆಯವರಿಗೆ ಹೇಳುವಂತಿಲ್ಲ.

ಕಿನ್ನಿಗೋಳಿ ದಾಟಿದರೆ ಐಕಳ. ಇಲ್ಲಿನದು ಕಾಂತಾಬಾರೆ ಬೂದಾಬಾರೆಯರ ಹೆಸರಿನ ಜೋಡುಕರೆಯ ಕಂಬಳ. ನೋಡದಿದ್ದ ಓದುಗರಿಗಾಗಿ ಹೇಳುವುದಾದರೆ, ಕೆಸರು ನೀರು ತುಂಬಿದ ಎರಡು ಉದ್ದನೆಯ ಕರೆಗಳು ಒಂದರ ಪಕ್ಕದಲ್ಲಿ ಒಂದು. ಕೋಣಗಳ ಜೋಡಿಯನ್ನು ಬಿಡುವ ತುದಿ 'ಗಂತು', ಓಡಿ ಮುಟ್ಟುವ ಏರು 'ಮಂಜೊಟ್ಟಿ'. ನೇಗಿಲು ಮತ್ತು ಹಗ್ಗ ಎಂಬ ವಿಭಾಗಗಳು, ಅವುಗಳಲ್ಲಿ ಹಿರಿಯ ಕಿರಿಯ ಎಂಬ ಭೇದ, ಅಡ್ಡಹಲಗೆ ಬೇರೆ. ಕನೆಹಲಗೆಯಲ್ಲಿ ಮಾತ್ರ ವೇಗವಲ್ಲ, ಎತ್ತರ ಮುಖ್ಯ. ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ನನ್ನ ಮಟ್ಟಿಗೆ ಇಡೀ ಕಂಬಳದಲ್ಲಿ ಚೆಲುವಾದುದು ಇದೇ. ಬೆಳಕಿಗೆ ಎದುರಾಗಿ ನೀರಿನ ಗೋಡೆಯೇ ಎದ್ದು ನಿಂತಂತೆ ಕಾಣುತ್ತದೆ.

ಸಂಜೆಯಾದಂತೆ ಜನ ಹೆಚ್ಚಿತು. ಚರುಮುರಿ, ಗೋಳಿಬಜೆ, ಬಚ್ಚಂಗಾಯಿಯ ಅಂಗಡಿಗಳ ಸಾಲು, ವಾದ್ಯದ ಸದ್ದು, ಕೋಣಗಳ ಯಜಮಾನರ ಮನೆತನವನ್ನೂ ಓಡಿಸುವವನ ಊರನ್ನೂ ತುಳುವಿನಲ್ಲಿ ಸಾರುವ ಧ್ವನಿವರ್ಧಕ. ೨೦೧೪ರ ಮೇ ತಿಂಗಳಿನ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಫಲವಾಗಿ ಈ ಆಟ ನಿಲ್ಲುವ ಹಾಗಾಗಿತ್ತು. ೨೦೧೭ರ ಕರ್ನಾಟಕದ ತಿದ್ದುಪಡಿ ಕಾನೂನನ್ನು ೨೦೨೩ರ ಮೇ ೧೮ರಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಬೆತ್ತದ ವಿಷಯದಲ್ಲಿ ನನಗೆ ಇಂದಿಗೂ ಸಮಾಧಾನವಿಲ್ಲ. ಅದನ್ನು ಹುಡುಗನಿಗೂ ಹೇಳಿದೆ. ಅವನು ಮರುಮಾತಾಡದೆ ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡ.

ಆ ಪುಸ್ತಕವನ್ನು ನೋಡಬೇಕು. ಪ್ರತಿ ಜೋಡಿಗೂ ಒಂದು ಸಾಲು. ಮನೆತನ, ಓಡಿಸಿದವನ ಹೆಸರು, ಕರೆ, ಸಮಯ. ಓಡಿಸಿದವನ ಬಳಿಗೆ ಹೋಗಿ, ಹೆಸರನ್ನು ಅವನಿಂದಲೇ ಹೇಳಿಸಿ, ಬರೆದುದನ್ನು ತೋರಿಸಿ, ಸರಿಯೇ ಎಂದು ಕೇಳುತ್ತಿದ್ದ. ಉಳಿದ ಕೆಲವರು ಧ್ವನಿವರ್ಧಕದಲ್ಲಿ ಕೇಳಿದುದನ್ನೇ ಬರೆದುಕೊಳ್ಳುತ್ತಿದ್ದರು. "ಮನೆಯ ಹೆಸರು ತಪ್ಪಿದರೆ ಮರುದಿನ ಅವರೇನೂ ಬೈಯುವುದಿಲ್ಲ ಮಾಷ್ಟ್ರೇ, ಪತ್ರಿಕೆಯನ್ನು ಕತ್ತರಿಸಿ ಇಟ್ಟುಕೊಳ್ಳುವುದಿಲ್ಲ, ಅಷ್ಟೆ" ಎಂದ.

ಐಕಳದ ಹೆಸರು ಲೋಕಕ್ಕೆಲ್ಲ ಕೇಳಿದುದು ೨೦೨೦ರ ಫೆಬ್ರವರಿಯಲ್ಲಿ. ಮೂಡಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಇಲ್ಲಿ ೧೪೨.೫ ಮೀಟರನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರು. ಯಾರೋ ತ್ರೈರಾಶಿ ಮಾಡಿ, ನೂರು ಮೀಟರಿಗೆ ೯.೫೫ ಸೆಕೆಂಡು ಎಂದರು. ಉಸೇನ್ ಬೋಲ್ಟನ ವಿಶ್ವದಾಖಲೆ ೯.೫೮. ಮುಂದಿನದು ಎಲ್ಲರಿಗೂ ತಿಳಿದಿದೆ. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಗೆ ಕರೆದರು, ಮುಖ್ಯಮಂತ್ರಿಗಳು ಸನ್ಮಾನಿಸಿದರು, ವಿದೇಶದ ಪತ್ರಿಕೆಗಳು ಬರೆದುವು. ಕಟ್ಟಡದ ಕೆಲಸ ಮಾಡಿಕೊಂಡಿದ್ದ ಗೌಡರೊಬ್ಬರೇ ನೆಲದ ಮೇಲೆ ನಿಂತು ಮಾತನಾಡಿದವರು. ಕೋಣಗಳಿಗೂ ಇದರಲ್ಲಿ ಪಾಲಿದೆ, ಕಂಬಳದಲ್ಲಿ ಹಿಮ್ಮಡಿಯೂರಿ ಓಡುವುದು, ಮೈದಾನದಲ್ಲಿ ಬೆರಳ ಮೇಲೆ ಓಡುವುದು, ಎರಡೂ ಒಂದಲ್ಲ ಎಂದು ಹೇಳಿ ಪರೀಕ್ಷೆಗೆ ಹೋಗಲೊಪ್ಪಲಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಆ ತ್ರೈರಾಶಿಯನ್ನು ಆಗ ನಾನು ಏಳನೆಯ ತರಗತಿಯ ಕರಿಹಲಗೆಯ ಮೇಲೆ ಬಹಳ ಹೆಮ್ಮೆಯಿಂದ ಮಾಡಿಸಿದ್ದೆ. ಈ ಹುಡುಗನ ತಂಗಿ ಆ ತರಗತಿಯಲ್ಲಿದ್ದಳು.

ರಾತ್ರಿ ಒಂದು ಗಂಟೆ ಕಳೆದಿರಬೇಕು. ಹಗ್ಗ ಹಿರಿಯ ವಿಭಾಗದ ಒಂದು ಜೋಡಿ ಗಂತಿನಿಂದ ಹೊರಟುದಷ್ಟೇ ನನಗೆ ಕಂಡುದು. ಕಣ್ಣುಜ್ಜಿಕೊಳ್ಳುವುದರೊಳಗೆ ಮಂಜೊಟ್ಟಿಯಲ್ಲಿ ಕೋಲಾಹಲ. ಫಲಕದ ಮೇಲೆ ಮೂಡಿದ ಸಮಯವನ್ನು ಕಂಡು ಜನರೆಲ್ಲ ಎದ್ದು ನಿಂತರು. ಎರಡು ನಿಮಿಷದೊಳಗೆ ನಮ್ಮ ಹತ್ತಿರದಲ್ಲಿದ್ದ ಹುಡುಗರು ಫೋನುಗಳಲ್ಲಿ ಲೆಕ್ಕ ಹಾಕಿ, ಬೋಲ್ಟ್ ಸೋತ ಎಂದು ಕೂಗತೊಡಗಿದರು. ಅಷ್ಟರಲ್ಲಿ ಇವನ ಫೋನೂ ಬಡಿದುಕೊಂಡಿತು. ಕಚೇರಿಯಿಂದ. ಆ ಕಡೆಯ ಧ್ವನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಬೋಲ್ಟನ ಹೆಸರು ಹಾಕಿ ನಾಲ್ಕು ಸಾಲು ಈಗಲೇ ಕಳುಹಿಸು. ಅದಿಲ್ಲದಿದ್ದರೆ ಯಾರು ಓದುತ್ತಾರೆ?"

"ಕರೆಯ ಉದ್ದ ಬರೆಯುತ್ತೇನೆ ಸರ್, ಸಮಯ ಬರೆಯುತ್ತೇನೆ. ನೂರು ಮೀಟರಿಗೆ ಇಳಿಸುವುದು ಬೇಡ" ಎಂದ ಹುಡುಗ. ಆಚೆ ಕಡೆಯವರು ಏನೋ ಹೇಳಿ ಫೋನು ಇಟ್ಟರು. ಅವನ ಕೈ ನಡುಗುತ್ತಿತ್ತು. ಮೂರನೆಯ ತಿಂಗಳಿಗೆ ಬರಬೇಕಾದ ಹಣ ಇನ್ನೂ ಅವರ ಕೈಯಲ್ಲಿಯೇ ಇದೆ ಎಂಬುದು ನನಗೆ ಆಗ ನೆನಪಾಯಿತು.

"ಬರೆದುಬಿಡಬಾರದಿತ್ತೇ?" ಎಂದೆ, ಅವನನ್ನು ಪರೀಕ್ಷಿಸುವುದಕ್ಕಲ್ಲ, ನಿಜವಾಗಿಯೂ ಹೆದರಿ.

ಅವನು ಪುಸ್ತಕದ ಹಿಂದಿನ ಹಾಳೆಯನ್ನು ತೆರೆದ. ಬೋಲ್ಟ್ ೨೦೦೯ರ ಆಗಸ್ಟ್ ೧೬ರಂದು ಬರ್ಲಿನ್ನಿನಲ್ಲಿ ೯.೫೮ ಸೆಕೆಂಡು ಓಡಿದುದು ನಿಂತ ನಿಲುವಿನಿಂದ, ಸದ್ದು ಕೇಳಿದ ಮೇಲೆ ಹೊರಟು, ತನ್ನೆರಡು ಕಾಲುಗಳ ಬಲದಿಂದ. ಇಲ್ಲಿ ಮುಂದೆ ಎರಡು ಕೋಣಗಳು ಎಳೆಯುತ್ತವೆ. ಅದನ್ನು ಬಿಟ್ಟರೂ ಲೆಕ್ಕವೇ ತಪ್ಪು. ಅದೇ ವರುಷದ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ ನೇರ ಪಥದ ಮೇಲೆ ಬೋಲ್ಟ್ ೧೫೦ ಮೀಟರನ್ನು ೧೪.೩೫ ಸೆಕೆಂಡುಗಳಲ್ಲಿ ಓಡಿದ್ದ. ಅದನ್ನು ತ್ರೈರಾಶಿಯಿಂದ ೧೪೨.೫ ಮೀಟರಿಗೆ ಇಳಿಸಿದರೆ ೧೩.೬೩. ಆದರೆ ಆ ದಿನ ಕೊನೆಯ ನೂರು ಮೀಟರಿಗೆ ಅವನಿಗೆ ಹಿಡಿದುದು ೮.೭೦ ಸೆಕೆಂಡು ಮಾತ್ರ. ಏಕೆಂದರೆ ಆಗಲೇ ಐವತ್ತು ಮೀಟರು ಓಡಿ ವೇಗ ಏರಿತ್ತು. "ಓಡುವವನು ಮೊದಲಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಓಡುವುದಿಲ್ಲ ಮಾಷ್ಟ್ರೇ. ಹಾಗಿರುವಾಗ ತ್ರೈರಾಶಿ ಹೇಗೆ ಹಿಡಿಯುತ್ತದೆ? ಮತ್ತೆ ಒಂದು ಊರಿನ ಕರೆ ಇನ್ನೊಂದು ಊರಿನ ಕರೆಯಷ್ಟು ಉದ್ದವೂ ಇಲ್ಲ."

ನಾನು ಸುಮ್ಮನೆ ಕುಳಿತೆ. ಮೂವತ್ತು ವರುಷ ಗಣಿತ ಹೇಳಿಕೊಟ್ಟವನು ನಾನು. ಕರಿಹಲಗೆಯ ಲೆಕ್ಕವನ್ನು ತಂಗಿ ಅವನಿಗೆ ತೋರಿಸಿದ್ದಳೇ ಎಂದು ಕೇಳುವ ಧೈರ್ಯವಾಗಲಿಲ್ಲ.

ಅವನು ಮಂಜೊಟ್ಟಿಯ ಕಡೆಗೆ ಹೋಗಿ, ಕೆಸರಿನಿಂದ ಮೇಲೆ ಬಂದು ಏದುಸಿರು ಬಿಡುತ್ತಿದ್ದ ಓಟಗಾರನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ಮಾತನಾಡಿದ. ಬೆಳಗಿನ ಜಾವದ ಚಳಿಗೆ ನಾನು ಶಾಲು ಹೊದೆದು ತೂಕಡಿಸಿದೆ. ಕಣ್ಣು ಬಿಟ್ಟಾಗಲೆಲ್ಲ ಅವನು ನಿಂತೇ ಇದ್ದ. ಭಾನುವಾರ ಬಿಸಿಲೇರಿದ ಮೇಲೆ ಕೊನೆಯ ಜೋಡಿ ಓಡಿ ಮುಗಿಯಿತು. ವರದಿಗಾರರಲ್ಲಿ ಆ ತನಕ ಉಳಿದಿದ್ದವರು ಇವನು ಮತ್ತು ತಲೆನರೆತ ಇನ್ನೊಬ್ಬರು.

ಸೋಮವಾರ ಶಾಲೆಗೆ ಪತ್ರಿಕೆ ಬಂದಾಗ ಮೊದಲು ಒಳಪುಟವನ್ನು ತೆರೆದೆ. ಹದಿನೆಂಟು ಸಾಲು. ಗೆದ್ದವರ ಹೆಸರುಗಳೆಲ್ಲ ಸರಿಯಾಗಿ, ಕರೆಯ ಉದ್ದ, ಸಮಯ. ಬೋಲ್ಟ್ ಇರಲಿಲ್ಲ, ಬರೆದವನ ಹೆಸರೂ ಇರಲಿಲ್ಲ. ಸಂಜೆ ಅವನೇ ಫೋನು ಮಾಡಿದ. ಪತ್ರಿಕೆಯ ಫೋನಿನ ಆವೃತ್ತಿಯಲ್ಲಿ ಮಾತ್ರ ಕಚೇರಿಯಲ್ಲಿ ಯಾರೋ ಬೋಲ್ಟನನ್ನು ತಲೆಬರಹಕ್ಕೆ ಸೇರಿಸಿದ್ದರಂತೆ. ಬಹಳ ಜನ ನೋಡಿದರಂತೆ. ಅದನ್ನು ಹೇಳುವಾಗ ಅವನ ಸ್ವರ ಕುಗ್ಗಿತ್ತು.

ಅವನ ತಂದೆಯವರಿಗೆ ಏನನ್ನೂ ಮುಚ್ಚಿಡಲಿಲ್ಲ. ಕೋಣೆ, ಬಾಡಿಗೆ, ಮೂರನೆಯ ತಿಂಗಳ ಹಣ, ಫೋನಿನ ತಲೆಬರಹ, ಎಲ್ಲವನ್ನೂ ಹೇಳಿದೆ. ನಮ್ಮ ಕಯ್ಯಾರ ಕಿಂಞಣ್ಣ ರೈಗಳೂ ಪತ್ರಿಕೆಗಳಲ್ಲಿ ದುಡಿದು ಆಮೇಲೆ ಪೆರಡಾಲದಲ್ಲಿ ಅಧ್ಯಾಪಕರಾದವರು, ಬಿ.ಎಡ್. ಎಲ್ಲಿಗೂ ಓಡಿಹೋಗುವುದಿಲ್ಲ, ಎರಡು ವರುಷ ಬಿಡಿ, ಹಣ ಹಾಗೆಯೇ ಇರಲಿ ಎಂದೆ. ಲೆಕ್ಕದ ಸಂಗತಿಯನ್ನೂ ಹೇಳಿದೆ, ಕರಿಹಲಗೆಯದನ್ನು ಸೇರಿಸಿಯೇ. ಅವರು ಎಲೆಯಡಕೆ ಜಗಿಯುತ್ತ ತುಂಬ ಹೊತ್ತು ಅಂಗಳವನ್ನು ನೋಡಿದರು.

"ಎರಡು ವರುಷ" ಎಂದರು. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮುಂದಿನ ಶನಿವಾರ ಎಲ್ಲಿಯ ಕಂಬಳ, ಅವನು ಮಾತನಾಡುವುದು ಫೋನಿನಲ್ಲಿ ಬರುತ್ತದಂತಲ್ಲ, ಅದನ್ನು ನೋಡುವುದು ಹೇಗೆ ಎಂದು ಕೇಳಿದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಗಳನ್ನು ಕರೆದೆವು.