ವಾಸ್ತುವಿಗೊಂದು ಪರಿಮಾಣ

ಹೊಸ ಮನೆ ಕಟ್ಟಿಸಲು ಹೊರಟವರು ಇಂದು ಮೊದಲು ವಿಚಾರಿಸುವುದು ವಾಸ್ತುವನ್ನು. ತಲೆಬಾಗಿಲು ಯಾವ ದಿಕ್ಕಿಗಿರಬೇಕು, ಒಲೆ ಯಾವ ಮೂಲೆಗೆ ಬರಬೇಕು, ಮೆಟ್ಟಿಲು ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರು ಊರೂರಿಗೂ ಇದ್ದಾರೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿಯೂ ವಾಸ್ತು ಎಂಬ ಪದ ಬರುತ್ತದೆ. ಅದು ಬರುವುದು ಏಳನೆಯ ಅಧ್ಯಾಯದಲ್ಲಿ, ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವ ಸೂತ್ರದಲ್ಲಿ. ಹಿರಣ್ಯ ಸುವರ್ಣಗಳಿಗಿಂತಲೂ ಮೊದಲು ಅಲ್ಲಿ ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ, ಜೊತೆಯಾಗಿ ನಿಂತಿವೆ. ದಿಕ್ಕಿನ ಮಾತು ಅಲ್ಲಿ ಇಲ್ಲ. ಎಷ್ಟು ಎಂಬ ಒಂದೇ ಪ್ರಶ್ನೆ ಇದೆ. ತನಗೆ ತಾನೇ ಹಾಕಿಕೊಂಡ ಪ್ರಮಾಣವನ್ನು ಮೀರಿದರೆ ಅದು ಅತಿಚಾರ.

ಗೃಹಸ್ಥನಿಗೆ ಮನೆ ಬೇಡವೆಂದು ಯಾವ ಆಚಾರ್ಯರೂ ಹೇಳಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ತ್ಯಜಿಸಬೇಕು, ಉಳಿದವುಗಳನ್ನು ವಿವೇಕದಿಂದ ಕಡಿಮೆ ಮಾಡಿಕೊಳ್ಳಬೇಕು ಎಂದು ಹೇಳಲಾಗಿದೆ. ಮನೆ ಕಟ್ಟುವುದು ಆರಂಭೀ ಹಿಂಸೆ. ನೆಲ ಅಗೆಯದೆ, ನೀರು ಸುರಿಯದೆ, ಸುಟ್ಟ ಇಟ್ಟಿಗೆ ಸುಣ್ಣ ಸಿಮೆಂಟುಗಳನ್ನು ಬಳಸದೆ ಗೋಡೆ ಏಳುವುದಿಲ್ಲ. ಆದರೆ ಕಟ್ಟುವ ಕಾಲದ ಹಿಂಸೆ ಕೆಲವು ತಿಂಗಳುಗಳದು. ಅಜಾಗ್ರತೆಯಿಂದ ಕಟ್ಟಿದ ಮನೆಯು ತನ್ನೊಳಗೆ ವಾಸಿಸುವವರಿಂದ ಐವತ್ತು ವರ್ಷಗಳವರೆಗೆ ಪ್ರತಿದಿನ ಮಾಡಿಸುವ ಹಿಂಸೆ ಅದಕ್ಕಿಂತ ಬಹಳ ದೊಡ್ಡದು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರಮಾದವನ್ನೇ ಹಿಂಸೆಯ ಮೂಲವೆಂದು ನಿರೂಪಿಸಿದ್ದಾರೆ. ಮನೆಯ ವಿಷಯದಲ್ಲಿ ಆ ಪ್ರಮಾದ ನಡೆಯುವ ಸ್ಥಳ ನಕ್ಷೆಯ ಕಾಗದ. ಆದುದರಿಂದ ಯತ್ನಾಚಾರವೂ ಅಲ್ಲಿಂದಲೇ ಆರಂಭವಾಗಬೇಕು.

ಬೆಳಗಾವಿ ಜಿಲ್ಲೆಯ ಮಲಪ್ರಭಾ ತೀರದ ಒಂದು ಹಳ್ಳಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮತ್ತು ಅವರ ಪತ್ನಿ ಕಟ್ಟಿಸಿದ ಮನೆ ಇದಕ್ಕೆ ನಿದರ್ಶನ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಅವರ ತಂದೆಯ ಕಾಲದ ಮಣ್ಣಿನ ಮನೆ ಕುಸಿಯಿತು. ಸಂಪೂರ್ಣವಾಗಿ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ ಆ ವರ್ಷ 5 ಲಕ್ಷ ರೂಪಾಯಿಗಳ ನೆರವನ್ನು ಘೋಷಿಸಿತ್ತು. ಅದರೊಡನೆ ನಿವೃತ್ತಿಯ ಹಣದಲ್ಲಿ ಒಂದು ಪಾಲು ಸೇರಿಸಿ, ಊರಿನ ಎತ್ತರದ ಭಾಗದಲ್ಲಿದ್ದ ತಮ್ಮ ನಿವೇಶನದಲ್ಲಿ ಹೊಸದಾಗಿ ಕಟ್ಟುವುದೆಂದು ದಂಪತಿ ನಿರ್ಧರಿಸಿದರು. ನಗರದಲ್ಲಿ ನೌಕರಿಯಲ್ಲಿದ್ದ ಮಗನು ಎರಡು ಅಂತಸ್ತಿನ ನಕ್ಷೆಯನ್ನು ಬರೆಸಿ ತಂದನು. ಕೊರತೆ ಬೀಳುವ ಹಣಕ್ಕೆ ಸಾಲ ಮಾಡಬಹುದು, ಕಂತನ್ನು ತಾನು ಕಟ್ಟುತ್ತೇನೆ ಎಂಬುದು ಅವನ ಮಾತು. ಅದರಲ್ಲಿ ಪ್ರೀತಿಯೇ ಇತ್ತು.

ಶಿಕ್ಷಕರು ಆ ನಕ್ಷೆಯ ಪ್ರತಿಯೊಂದು ಕೋಣೆಯ ಎದುರಿಗೆ, ಅದನ್ನು ಬಳಸುವವರು ಯಾರು, ವರ್ಷಕ್ಕೆ ಎಷ್ಟು ದಿನ ಎಂದು ಬರೆದರು. ಮೇಲಿನ ಅಂತಸ್ತಿನ ಮೂರು ಕೋಣೆಗಳಿಗೆ ಸೇರಿ ಹನ್ನೆರಡು ದಿನಗಳಾದವು. ಅನಂತರ ಮತ್ತೊಂದು ಲೆಕ್ಕ ಹಾಕಿದರು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಗೆ ಒಂಬತ್ತು ಅಂಗುಲದ ಗೋಡೆ ಕಟ್ಟಿದರೆ ಬಾಗಿಲು ಕಿಟಕಿಗಳನ್ನು ಕಳೆದರೂ ಮೂರೂವರೆ ಸಾವಿರದಿಂದ ನಾಲ್ಕು ಸಾವಿರ ಇಟ್ಟಿಗೆಗಳು ಬೇಕು. ಅಷ್ಟೂ ಇಟ್ಟಿಗೆ ಯಾವುದೋ ಹೊಲದ ಮೇಲ್ಮಣ್ಣು. ಅಷ್ಟನ್ನೂ ಬೆಂಕಿಯಲ್ಲಿ ಸುಡಬೇಕು. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ ಜೀವಗಳನ್ನು ಪಾಠದಲ್ಲಿ ಎಣಿಸುವವನು ಇಟ್ಟಿಗೆಯ ಲೆಕ್ಕವನ್ನೂ ಎಣಿಸಬೇಕಲ್ಲವೇ? ಕಡೆಗೆ ದಂಪತಿ 900 ಚದರ ಅಡಿ, ಒಂದೇ ಅಂತಸ್ತು, ಸಾಲವಿಲ್ಲ ಎಂಬ ಮೂರು ಪ್ರಮಾಣಗಳನ್ನು ಪುಸ್ತಕದಲ್ಲಿ ಬರೆದು, ಬಸದಿಗೆ ಹೋಗಿ ನಿಯಮ ತೆಗೆದುಕೊಂಡು ಬಂದರು. ಪಾಯದ ಪೂಜೆ ಅದಾದ ಮೇಲೆ ನಡೆಯಿತು. ಈ ಕ್ರಮ ಮುಖ್ಯವಾದುದು. ಗೋಡೆ ಎದ್ದ ಮೇಲೆ ಹಾಕಿಕೊಳ್ಳುವ ಮಿತಿ ಗೋಡೆಯ ಜೊತೆಗೇ ಬೆಳೆಯುತ್ತದೆ.

ಅಗೆತವನ್ನು ಯಾವಾಗ ಆರಂಭಿಸಬೇಕು ಎಂಬುದು ಎರಡನೆಯ ಪ್ರಶ್ನೆ. ಮಳೆಗಾಲದಲ್ಲಿ ನೆಲದ ಮೇಲೂ ಒಳಗೂ ಜೀವರಾಶಿ ಹೆಚ್ಚುವುದರಿಂದಲೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನು ನಿಲ್ಲಿಸುತ್ತಾರೆ. ಶ್ರಾವಕನು ಅದೇ ತಿಂಗಳುಗಳಲ್ಲಿ ಪಾಯ ತೋಡಿಸುವುದು ಉಚಿತವಲ್ಲ. ಇಂಜಿನಿಯರುಗಳ ಸಲಹೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಬಿರಿಯುತ್ತದೆ. ಒಣ ಕಾಲದಲ್ಲಿ ಗಟ್ಟಿ ಗರಸು ಸಿಗುವವರೆಗೆ ಅಗೆದು, ತೆಗೆದ ಎರೆಮಣ್ಣನ್ನು ಪಾಯಕ್ಕೆ ಮರಳಿ ತುಂಬದೆ ಗರಸನ್ನೇ ತುಂಬಿ ದಮ್ಮಸು ಮಾಡುವುದು ಆ ನೆಲಕ್ಕೆ ಒಪ್ಪುವ ಕ್ರಮ. ಈ ಮನೆಯ ಅಗೆತ ಕಾರ್ತಿಕ ಕಳೆದ ಮೇಲೆ ಆರಂಭವಾಯಿತು. ಪ್ರತಿ ಗುಂಡಿಯಲ್ಲಿ ರಾತ್ರಿ ಒಂದು ಹಲಗೆಯನ್ನು ಓರೆಯಾಗಿ ಇಳಿಬಿಡುತ್ತಿದ್ದರು. ಕತ್ತಲಲ್ಲಿ ಬಿದ್ದ ಕಪ್ಪೆ, ಓತಿ, ನಾಯಿಮರಿಗಳು ಹತ್ತಿ ಬರಲು ಅಷ್ಟು ಸಾಕು. ನೆಲಗಟ್ಟನ್ನು ಊರಿನಲ್ಲಿ 2019ರ ನೀರು ನಿಂತ ಗುರುತಿಗಿಂತ ಮೇಲಕ್ಕೆ ಏರಿಸಿದರು. ನಿವೇಶನದ ಮೂಲೆಯ ಬೇವಿನ ಮರಕ್ಕಾಗಿ ಪಾಯದ ಗೆರೆ ನಾಲ್ಕು ಅಡಿ ಪಕ್ಕಕ್ಕೆ ಸರಿಯಿತು.

ಮೂರನೆಯದು ಸಾಮಗ್ರಿಯ ವಿಚಾರ. ಇಲ್ಲಿ ಅಚೌರ್ಯವ್ರತದ ಪರೀಕ್ಷೆ ನಡೆಯುತ್ತದೆ. ಕಳವಿನ ವಸ್ತುವನ್ನು ಕೊಳ್ಳುವುದು ಮತ್ತು ರಾಜ್ಯದ ನಿಯಮವನ್ನು ಮೀರುವುದು ಎರಡನ್ನೂ ತತ್ತ್ವಾರ್ಥಸೂತ್ರ ಆ ವ್ರತದ ಅತಿಚಾರಗಳಲ್ಲಿ ಸೇರಿಸಿದೆ. ರಾತ್ರಿಯಲ್ಲಿ ಪರವಾನಗಿ ಇಲ್ಲದೆ ಹೊಳೆಯಿಂದ ತೋಡಿ ತಂದ ಮರಳು ಅಗ್ಗವಾಗಿ ಸಿಗುತ್ತದೆ. ಅದನ್ನು ಕೊಂಡವನು ತಾನು ಕಳಲಿಲ್ಲವೆಂದು ಹೇಳಿಕೊಳ್ಳಬಹುದು. ಸೂತ್ರ ಹಾಗೆ ಹೇಳಲು ಅವಕಾಶ ಕೊಡುವುದಿಲ್ಲ. ಕಲ್ಲನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಈಗ ಎಲ್ಲೆಡೆ ದೊರೆಯುತ್ತದೆ, ಕಾಂಕ್ರೀಟಿಗೆ ಸಲ್ಲುತ್ತದೆ. ಮಂಜೂರಾದ ನಕ್ಷೆಗಿಂತ ಒಂದು ಅಡಿ ಮುಂದೆ ಬಂದು ಊರಿನ ಚರಂಡಿಯ ಮೇಲೆ ಮೆಟ್ಟಿಲು ಕಟ್ಟುವುದೂ ಇದೇ ಅತಿಚಾರಕ್ಕೆ ಸೇರಿದುದು.

ನಾಲ್ಕನೆಯದು ದುಡಿಯುವವರ ವಿಚಾರ. ಮನೆ ಕಟ್ಟಿಸುವವನು ಕೆಲವು ತಿಂಗಳ ಕಾಲ ಹತ್ತಾರು ಜನರ ಯಜಮಾನನಾಗುತ್ತಾನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಅತಿಭಾರವಾಹನವನ್ನೂ ಸೇರಿಸಿದ್ದಾರೆ. ಲೋಭವುಳ್ಳವನು ಅಳತೆ ಮೀರಿ ಭಾರ ಹೊರಿಸುತ್ತಾನೆ ಎಂಬುದು ಅದರ ತಾತ್ಪರ್ಯ. ಕೆಲಸದ ಜಾಗದಲ್ಲಿ ನೆರಳು, ಸೋಸಿದ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಮರೆಯಾದ ಶೌಚಾಲಯ, ವಾರದ ಸಂತೆಗೆ ಮುಂಚೆ ಪೂರ್ತಿ ಕೂಲಿ: ಇವಿಷ್ಟು ಕನಿಷ್ಠ ಧರ್ಮ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಕೂಲಿಗೆ ಇಟ್ಟುಕೊಳ್ಳಬಾರದೆಂದು 1986ರ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿ ಸ್ಪಷ್ಟವಾಗಿ ವಿಧಿಸಿದೆ. ತಾಯಿಯ ಹಿಂದೆ ಬಂದ ಮಗುವಿನ ಕೈಯಲ್ಲಿ ಇಟ್ಟಿಗೆ ಹೊರಿಸುವುದು ಕಾನೂನಿಗೂ ಧರ್ಮಕ್ಕೂ ವಿರುದ್ಧ. ಕಟ್ಟಡ ಕಾರ್ಮಿಕರಿಗಾಗಿ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. ತನ್ನ ಮನೆಯಲ್ಲಿ ದುಡಿಯುವವರು ಅದರಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಿ, ಅರ್ಜಿ ತುಂಬಲು ನೆರವಾಗುವುದು ಅಕ್ಷರ ಬಲ್ಲ ಯಜಮಾನನಿಗೆ ಸುಲಭವಾದ ದಾನ.

ಈ ಮನೆಯ ಸ್ಲ್ಯಾಬ್ ಹಾಕಿದ ಐದನೆಯ ದಿನ ಸೆಂಟ್ರಿಂಗ್ ಹಲಗೆಯವನು ಬಂದು, ಬೇರೆ ಊರಿನಲ್ಲಿ ಕೆಲಸವಿದೆ, ಆಧಾರದ ಕಂಬಗಳನ್ನು ಬಿಚ್ಚಿಕೊಳ್ಳುತ್ತೇನೆ ಎಂದು ನಿಂತನು. ಬಿಚ್ಚುವ ಆಳುಗಳು ಆಗಲೇ ಒಳಗೆ ಹೋಗಿದ್ದರು. ಶಿಕ್ಷಕರು ಅವರನ್ನು ಹೊರಗೆ ಕರೆದು, ಇನ್ನೂ ಹತ್ತು ದಿನಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಟ್ಟರು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ, ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿನ ಆಧಾರಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದುದಕ್ಕೆ 14 ದಿನ, ಆರು ಮೀಟರಿನವರೆಗಿನ ತೊಲೆಗಳಿಗೆ 14 ದಿನ ಇಡಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಮಿಶ್ರ ಸಿಮೆಂಟಾದರೆ ಇನ್ನೂ ತಾಳ್ಮೆ ಬೇಕು. ಹತ್ತು ದಿನಗಳಿಗೆ ಕಡಿಮೆಯಾಗದಂತೆ ನೀರು ನಿಲ್ಲಿಸಬೇಕು. ಕಲಸುವಾಗಲೂ ಸಂಯಮ ಅಗತ್ಯ. ಸ್ಲ್ಯಾಬಿನ ಕಾಂಕ್ರೀಟಿಗೆ 50 ಕಿಲೋಗ್ರಾಂ ಸಿಮೆಂಟಿನ ಒಂದು ಚೀಲಕ್ಕೆ 30 ಲೀಟರ್ ನೀರು ಸಾಕು. ಸುರಿಯಲು ಸುಲಭವೆಂದು ಹೆಚ್ಚು ನೀರು ಬೆರೆಸಿದರೆ ಬಲ ಕುಗ್ಗುತ್ತದೆ. ಕೆಲವು ದಿನಗಳ ಬಾಡಿಗೆಯನ್ನು ಉಳಿಸಲು ಹೋಗಿ ಆಳುಗಳ ತಲೆಯ ಮೇಲೆ ಹಸಿ ಸ್ಲ್ಯಾಬನ್ನು ನಿಲ್ಲಿಸುವುದನ್ನು ಉಳಿತಾಯವೆನ್ನಲಾಗದು.

ಐದನೆಯದು ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವ ವಿಚಾರ: ಕೊಲ್ಲಬೇಕಾದ ಪ್ರಸಂಗವೇ ಬಾರದಂತೆ ಮನೆಯನ್ನು ರೂಪಿಸುವುದು. ಇಲ್ಲಿ ಶಿಕ್ಷಕರ ಪತ್ನಿಯ ಮಾತೇ ನಡೆಯಿತು. ಐವತ್ತು ವರ್ಷ ಅಡುಗೆಮನೆಯಲ್ಲಿ ನಿಂತವರಿಗೆ ಇರುವೆ, ಗೆದ್ದಲು, ಸೊಳ್ಳೆಗಳು ಎಲ್ಲಿಂದ ಬರುತ್ತವೆಂದು ನಕ್ಷೆ ಬರೆದವರಿಗಿಂತ ಚೆನ್ನಾಗಿ ಗೊತ್ತಿತ್ತು. ಗೆದ್ದಲಿಗೆ ವಿಷ ಸುರಿಯುವ ಬದಲು ಪಾಯದೊಳಗಿನ ಬೇರು, ಕಟ್ಟಿಗೆಯ ಚೂರು, ಸೆಂಟ್ರಿಂಗಿನ ತುಂಡುಗಳನ್ನು ಒಂದೂ ಬಿಡದೆ ಆರಿಸಿ ತೆಗೆಸಿದರು. ಮನೆಯ ಸುತ್ತ ಬಿರುಕಿಲ್ಲದ ಕಾಂಕ್ರೀಟಿನ ಪಟ್ಟಿ ಹಾಕಿಸಿದರು. ಬಾಗಿಲ ಚೌಕಟ್ಟುಗಳನ್ನು ಕಲ್ಲಿನಿಂದ ಮಾಡಿಸಿದರು. ಕಾಳುಕಡಿ ಇಡುವ ಕೋಣೆಯ ಗೋಡೆ ಬಚ್ಚಲಿಗೆ ತಗುಲದಂತೆ ನೋಡಿಕೊಂಡರು, ಏಕೆಂದರೆ ತೇವ ತಗುಲಿದ ಧಾನ್ಯಕ್ಕೆ ಹುಳು ಬೇಗ ಬೀಳುತ್ತದೆ. ನೀರಿನ ತೊಟ್ಟಿಗೆ ಬಿಗಿಯಾದ ಮುಚ್ಚಳ, ಹೆಚ್ಚಿನ ನೀರು ಹೋಗುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ, ಎಲ್ಲ ಕಿಟಕಿಗಳಿಗೂ ಜಾಲರಿ ಬಂದವು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಒಂದೆರಡು ವಾರದೊಳಗೆ ಹಾರುವ ಸೊಳ್ಳೆಯಾಗುತ್ತದೆ. ಬಚ್ಚಲಿಗೆ ಸರಿಯಾದ ಇಳಿಜಾರು ಕೊಟ್ಟರೆ ಮುಂದೆ ಔಷಧ ಸಿಂಪಡಿಸುವ ಪಾಪವೂ ಖರ್ಚೂ ತಪ್ಪುತ್ತವೆ. ಹೊರಗಿನ ದೀಪಗಳಿಗೆ ಹಳದಿ ಬೆಳಕನ್ನು ಆರಿಸಿದರು. ಬಿಳಿನೀಲಿ ಬೆಳಕಿಗಿಂತ ಅದಕ್ಕೆ ಕೀಟಗಳು ಕಡಿಮೆ ಮುತ್ತುತ್ತವೆ.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಗೆ ಸಂಜೆಯ ಬೆಳಕು ಬೇಕು. ಆದ್ದರಿಂದ ಊಟದ ಜಾಗವನ್ನು ಪಶ್ಚಿಮದ ಕಿಟಕಿಯ ಬಳಿಗೆ ತಂದು, ಬಿಸಿಲಿನ ತಾಪ ತಗ್ಗಲು ಮೇಲೆ ಅಗಲವಾದ ಛಜ್ಜಾ ಇಟ್ಟರು. ಛಾವಣಿಯ ಮಳೆನೀರನ್ನು ನೆಲದೊಳಗಿನ ತೊಟ್ಟಿಗೆ ಹರಿಸಿದರು. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 900 ಚದರ ಅಡಿ ಎಂದರೆ ಸುಮಾರು 84 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೂ ಛಾವಣಿಯ ಮೇಲೆ 42,000 ಲೀಟರ್ ಬೀಳುತ್ತದೆ. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಅದೇ ನೀರಿಗೆ ಇಳಿಬಿಡಲು ತೊಟ್ಟಿಯ ಮುಚ್ಚಳದಲ್ಲಿ ಒಂದು ಸಣ್ಣ ಕಿಂಡಿ ಇರಲೆಂದು ಆಕೆ ಕೇಳಿದರು. ಅಂಥದನ್ನು ಹಿಂದೆಂದೂ ಮಾಡದ ಗೌಂಡಿ ಅದನ್ನು ಆಸ್ಥೆಯಿಂದ ಮಾಡಿಕೊಟ್ಟನು. ಅತಿಥಿಗಳಿಗೆಂದು ಬೇರೆ ಕೋಣೆ ಇಲ್ಲ. ಆದರೆ ತಲೆಬಾಗಿಲಿನಿಂದ ಅಡುಗೆಮನೆಯ ಮುಂದಿನವರೆಗೆ ತಡೆಯಿಲ್ಲದ, ಬೆಳಕುಳ್ಳ ಶುದ್ಧವಾದ ಜಾಗವಿದೆ. ಮುನಿಗಳ ಆಹಾರಕ್ಕೆ ಅಷ್ಟು ಸಾಕು.

ಸ್ಲ್ಯಾಬ್ ಹಾಕುವ ಹಿಂದಿನ ದಿನ ಗೌಂಡಿ ಕೇಳಿದ ಪ್ರಶ್ನೆಯೊಂದನ್ನು ಇಲ್ಲಿ ಹೇಳಬೇಕು. "ಗುರುಗಳೇ, ಕಂಬದ ಸರಳುಗಳನ್ನು ಮೇಲೆ ಎಷ್ಟು ಅಡಿ ಬಿಡಲಿ?" ಎಂದನು. ಈ ನಾಡಿನ ಯಾವ ಊರಿಗೆ ಹೋದರೂ ಮಾಳಿಗೆಗಳ ಮೇಲೆ ಮುಗಿಲಿಗೆ ಮುಖ ಮಾಡಿ ನಿಂತ ಕಬ್ಬಿಣದ ಸರಳುಗಳು ಕಾಣುತ್ತವೆ. ಮುಂದೊಂದು ದಿನ ಮತ್ತೊಂದು ಅಂತಸ್ತು ಏರಿಸುವ ಆಸೆಯ ಗುರುತು ಅವು. ಎಷ್ಟೋ ಮನೆಗಳಲ್ಲಿ ಆ ದಿನ ಬರುವುದೇ ಇಲ್ಲ. ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಕೆಳಗಿಳಿದು ಕಂಬವನ್ನೇ ಸೀಳುತ್ತದೆ. ನಿಜವಾಗಿ ಕಟ್ಟುವ ಉದ್ದೇಶವಿದ್ದವರು ಅವುಗಳ ಮೇಲೆ ತೆಳುವಾದ ಕಾಂಕ್ರೀಟು ಹೊದಿಸಿ ಕಾಪಾಡಬೇಕು. ಇಲ್ಲದವರು ಸ್ಲ್ಯಾಬಿನೊಳಗೇ ಮುಗಿಸಿಬಿಡಬೇಕು.

"ಬಿಡುವುದು ಬೇಡ, ಒಳಗೇ ಮುಗಿಸಿ" ಎಂದರು ಶಿಕ್ಷಕರು.

ಪಕ್ಕದಲ್ಲಿ ನಿಂತಿದ್ದ ಮಗನು, "ಅಪ್ಪಾ, ಇಷ್ಟಾದರೂ ಬಿಡಿಸಿರಿ. ಮುಂದೆ ನಮಗೆ ಬೇಕಾದರೆ?" ಎಂದನು. ಅವನ ಪ್ರಶ್ನೆ ಅನುಚಿತವಾದುದಲ್ಲ. ಮಕ್ಕಳ ಮುಂದಿನ ಅಗತ್ಯವನ್ನು ತಂದೆ ಬಲ್ಲನೆಂದು ಹೇಳಲಾಗದು. ತಮ್ಮ ನಿಯಮ ತಮ್ಮ ಮನೆಗೆ ಮಾತ್ರ ಎಂದೂ, ಅವನ ಮನೆಯ ಪ್ರಮಾಣವನ್ನು ಅವನೇ ನಿಶ್ಚಯಿಸಿಕೊಳ್ಳಬೇಕೆಂದೂ ತಂದೆ ಶಾಂತವಾಗಿ ಹೇಳಿದರು. ಮಗನಿಗೆ ಅದು ಹಿಡಿಸಲಿಲ್ಲ. ಗೃಹಪ್ರವೇಶಕ್ಕೆ ಬಂದವನು ಹೆಚ್ಚು ಮಾತಾಡಲೂ ಇಲ್ಲ. ಕೈಯಲ್ಲಿ ಹಣವಿಟ್ಟುಕೊಂಡೂ ಚಿಕ್ಕ ಮನೆ ಕಟ್ಟಿದರೆಂದು ನೆಂಟರು ಆಡಿಕೊಂಡರು. ಪರಿಮಾಣವ್ರತಕ್ಕೆ ಇಂಥ ಬೆಲೆಯೂ ಉಂಟು. ಅದನ್ನು ಮೊದಲೇ ತಿಳಿದು ಹೊರಟವರಿಗೆ ಮಾತ್ರ ಅದು ಕೊನೆಯವರೆಗೆ ನಿಲ್ಲುತ್ತದೆ.

ಕ್ಷೇತ್ರವಾಗಲಿ ವಾಸ್ತುವಾಗಲಿ, ಆಸೆಗೆ ತಾನಾಗಿಯೇ ಛಾವಣಿ ಇರುವುದಿಲ್ಲ. ಅದನ್ನು ಶ್ರಾವಕನೇ ಹಾಕಿಕೊಳ್ಳಬೇಕು. ಮನೆ ಕಟ್ಟಿಸುವ ಸಂಕಲ್ಪ ಮಾಡಿದವರು ನಕ್ಷೆ ಬರೆಸುವುದಕ್ಕೆ ಮುಂಚೆ ಒಂದು ಸಂಜೆ ಮನೆಯವರೆಲ್ಲ ಕುಳಿತು ಎಷ್ಟು ಸಾಕು ಎಂಬುದನ್ನು ಬರೆದಿಡಲಿ. ಯಾವ ಜೀವಕ್ಕೆ ಎಲ್ಲಿ ನೋವಾದೀತೆಂದು ಒಂದೊಂದು ಕೋಣೆಯನ್ನೂ ಯೋಚಿಸಲಿ. ದುಡಿಯುವವರ ಹಕ್ಕನ್ನು ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಹಾಕಲಿ. ಹಾಗೆ ಕಟ್ಟಿದ ಮನೆ ಸಣ್ಣದಾದರೂ ಅದರೊಳಗೆ ಸಾಮಾಯಿಕಕ್ಕೆ ಕುಳಿತವನ ಮನಸ್ಸಿಗೆ ಸಾಲದ ಕಂತಿನ ನೆನಪಾಗಲಿ, ಯಾರದೋ ಬಾಕಿ ಕೂಲಿಯ ನೆನಪಾಗಲಿ ಬಂದು ಕಾಡುವುದಿಲ್ಲ.